ನೀರು ಮರಳುತ್ತದೆ, ಹಾಲು ಉಕ್ಕುತ್ತದೆ. ಟೀ ಏನು ಮಾಡುತ್ತದೆ?

ಪುಣೆಯಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳು, ನಮ್ಮ ಮನೆಯಲ್ಲಿ ಮಾಡುವ ಮಸಾಲೆ ಟೀಯ ಕ್ರಮವನ್ನು ಕನ್ನಡದಲ್ಲಿಯೇ ಬರೆದು ಕಳುಹಿಸಬೇಕೆಂದು ಕೇಳಿದ್ದರಿಂದ ಈ ಪ್ರಶ್ನೆ ಹುಟ್ಟಿಕೊಂಡಿತು. ನಾನು ಹತ್ತು ಸಾಲುಗಳಲ್ಲಿ ಅದನ್ನು ಬರೆದು, ಕಳುಹಿಸುವ ಮೊದಲು ಮಧುಗಿರಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. ಅಡುಗೆಯ ವಿಷಯದಲ್ಲಿ ನಮ್ಮ ಮನೆತನಕ್ಕೆಲ್ಲ ಅವರ ಮಾತೇ ಪ್ರಮಾಣ. ನನ್ನ ಬರಹದಲ್ಲಿ ನೀರನ್ನು ಕುದಿಸಿ, ಶುಂಠಿ ಏಲಕ್ಕಿ ಹಾಕಿ ಕುದಿಸಿ, ಟೀ ಪುಡಿ ಹಾಕಿ ಕುದಿಸಿ, ಹಾಲು ಸೇರಿಸಿ ಮತ್ತೊಮ್ಮೆ ಕುದಿಸಿ ಎಂದಿತ್ತು. ಅವರು ಕೊನೆಯವರೆಗೂ ಕೇಳಿ, "ಏನಪ್ಪಾ, ಬರೀ ಕುದಿ ಕುದಿ ಅಂತೀಯಲ್ಲ, ಇದೇನು ಟೀಯೋ ಹುರುಳಿ ಸಾರೋ?" ಎಂದರು.

ಅದೇ ಕ್ರಮವನ್ನು ಅವರು ಹೇಳಿದ ಬಗೆ ಹೀಗಿತ್ತು: "ನೀರು ಕಾಯಕ್ಕಿಡು. ಮರಳಕ್ಕೆ ಬಂದಾಗ ಶುಂಠಿ ಜಜ್ಜಿ ಹಾಕು. ಟೀ ಸೊಪ್ಪು ಹಾಕಿ ಒಸಿ ಬತ್ತಿಸು. ಆಮೇಲೆ ಹಾಲು ಹುಯ್ದು, ಒಂದು ಉಕ್ಕು ಬಂದ ತಕ್ಷಣ ಇಳಿಸು." ನಾನು ಒಂದೇ ಕ್ರಿಯಾಪದದಿಂದ ನಾಲ್ಕು ಸಲ ಮಾಡಿಸಿದ ಕೆಲಸವನ್ನು ಅವರು ಕಾಯು, ಮರಳು, ಬತ್ತು, ಉಕ್ಕು ಎಂಬ ನಾಲ್ಕು ಬೇರೆ ಮಾತುಗಳಿಗೆ ಹಂಚಿಕೊಟ್ಟಿದ್ದರು, ಮತ್ತು ಆ ನಾಲ್ಕರಲ್ಲಿ ಕುದಿ ಎಂಬುದೇ ಇರಲಿಲ್ಲ. ಅಚ್ಚಿನಲ್ಲಿ ಬರುವ ಪಾಕವಿಧಾನಗಳಲ್ಲಿ ಬಹುಮಟ್ಟಿಗೆ ನನ್ನ ಬರಹದ ರೂಢಿಯೇ ಕಾಣಿಸುವುದರಿಂದ, ಈ ಭೇದವನ್ನು ಬರವಣಿಗೆಯಲ್ಲಿ ಉಳಿಸಿಕೊಳ್ಳುವುದು ಸಾಧ್ಯವೇ, ಉಳಿಸಿಕೊಂಡರೆ ಓದುಗರಿಗೆ ಅರ್ಥವಾದೀತೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಮೊದಲಿಗೆ ಕಾಯು ಮತ್ತು ಕಾಯಿಸು. ನಮ್ಮ ತುಮಕೂರು ಕಡೆಯ ಮಾತಿನಲ್ಲಿ ಕಾಯಿಸು ಎಂಬುದು ಕಾಸು ಎಂದಾಗುತ್ತದೆ; "ಕೂತ್ಕಳಿ, ಟೀ ಕಾಸ್ತೀನಿ" ಎಂಬುದು ಬಂದ ನೆಂಟರಿಗೆ ಹೇಳುವ ಮೊದಲ ಮಾತು. ಇದನ್ನು ಆಡುಮಾತಿನ ಸವಕಲು ರೂಪವೆಂದು ತಿದ್ದುವವರಿದ್ದಾರೆ. ಆದರೆ ಕಾಯ್ ಎಂಬ ಧಾತುವಿನಿಂದ ಬಂದ ಕಾಸು ಎಂಬ ರೂಪ ಹಳೆಯದೇ ಆಗಿದ್ದು, ತೆಲುಗಿನ ಕಾಚು, ತಮಿಳಿನ ಕಾಯ್ಚ್ಚು ಇವುಗಳ ಬಳಗಕ್ಕೆ ಸೇರಿದೆ; ಆದುದರಿಂದ ಟೀ ಕಾಸು ಎಂದು ಬರೆಯುವುದರಲ್ಲಿ ತಪ್ಪೇನೂ ಇಲ್ಲವೆಂಬುದು ನನ್ನ ನಿಲುವು. ಇಲ್ಲಿ ಗಮನಿಸಬೇಕಾದದ್ದೆಂದರೆ, ಕಾಸು ಎಂಬುದು ಬಿಸಿ ಮಾಡುವುದನ್ನಷ್ಟೇ ಹೇಳುತ್ತದೆ, ಗುಳ್ಳೆ ಏಳುವುದನ್ನು ಹೇಳುವುದಿಲ್ಲ. ಸ್ನಾನಕ್ಕೆ ನೀರು ಕಾಸುತ್ತೇವೆ, ಅದು ಮರಳಿದರೆ ಮೈ ಬೆಂದುಹೋದೀತು.

ಮರಳು ಎಂಬುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನನಗೆ ಹೆಚ್ಚು ತೊಡಕಾಗಿರುವುದು ಇದೇ. ರಾಗಿಮುದ್ದೆಯ ಸೀಮೆಯಲ್ಲಿ ಬೆಳೆದವರಿಗೆ ಎಸರು ಮರಳುವುದು ಎಂದರೆ ಏನೆಂದು ವಿವರಿಸಬೇಕಾಗಿಲ್ಲ; ಎಸರು ಮರಳದೆ ಹಿಟ್ಟು ಹಾಕಿದರೆ ಮುದ್ದೆ ಹಸಿಹಸಿಯಾಗುತ್ತದೆ ಎಂಬುದನ್ನು ಮಕ್ಕಳೂ ಬಲ್ಲರು. ಆದರೆ ಬರಹದಲ್ಲಿ ಮರಳು ಎಂದೊಡನೆ ಓದುಗರ ಕಣ್ಣಿಗೆ ಮೊದಲು ಹೊಳೆಯ ಮರಳು ಬರುತ್ತದೆ, ಅನಂತರ ಹಿಂದಿರುಗುವುದು ಎಂಬ ಅರ್ಥ ಬರುತ್ತದೆ, ನೀರಿನ ಮರಳುವಿಕೆ ಮೂರನೆಯದಾಗಿ ಹಿಂದೆ ನಿಲ್ಲುತ್ತದೆ. ಇವುಗಳಲ್ಲಿ ಹೊಳೆಯ ಮರಳು ಹಳಗನ್ನಡದ ಮಳಲ್ ಎಂಬುದರ ಬದಲಾದ ರೂಪವಾದ್ದರಿಂದ ಮೂಲದಲ್ಲಿ ಬೇರೆಯೇ ಪದ. ಮೇಲೆದ್ದ ನೀರು ಮರಳಿ ಕೆಳಗಿಳಿಯುವುದರಿಂದ ಅದಕ್ಕೆ ಮರಳು ಎಂಬ ಹೆಸರಾಯಿತೆಂಬ ವಿವರಣೆ ಕಿವಿಗೆ ಇಂಪಾಗಿದೆಯಾದರೂ, ಅದನ್ನು ವ್ಯುತ್ಪತ್ತಿಯೆಂದು ಮುಂದಿಡುವ ಧೈರ್ಯ ನನಗಿಲ್ಲ. ಪಾವಗಡದಿಂದ ಬಂದ, ತವರಿನ ತೆಲುಗನ್ನು ಇನ್ನೂ ಬಿಡದ ನಮ್ಮ ಅತ್ತಿಗೆ, ನೀರಿಗೆ ಮರುಗು ಎಂಬ ಮಾತನ್ನೇ ಬಳಸುತ್ತಾರೆ. ಎರಡೂ ಅಕ್ಕತಂಗಿಯಂಥ ಪದಗಳೆಂದು ಕೇಳಿದೊಡನೆ ತಿಳಿಯುತ್ತದೆ.

ನೀರು ಕಾದಿದೆ ಎಂಬುದಕ್ಕೂ ಮರಳಿದೆ ಎಂಬುದಕ್ಕೂ ಇರುವ ಅಂತರ ಬರೀ ಮಾತಿನದಲ್ಲ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವಿದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಚುರುಕಾಗಿ ಕೆಲಸ ಮಾಡುತ್ತದೆ, ಮರಳುವ ನೀರಿನ ಶಾಖದಲ್ಲಿ ಕೆಲವೇ ನಿಮಿಷಗಳಲ್ಲಿ ನಿಷ್ಕ್ರಿಯವಾಗುತ್ತದೆ. ಜಜ್ಜಿದ ಶುಂಠಿಯನ್ನು ಬರಿದೇ ಕಾದ ಹಾಲಿಗೆ ಹಾಕಿದವರ ಟೀ ಒಡೆದುಹೋಗುವುದೂ, ಮರಳುವ ನೀರಿಗೆ ಹಾಕಿದವರ ಟೀ ಒಡೆಯದಿರುವುದೂ ಈ ಕಾರಣದಿಂದಲೇ. ದೊಡ್ಡಮ್ಮನಿಗೆ ಕಿಣ್ವದ ಹೆಸರು ಬೇಕಾಗಿಲ್ಲ. "ಮರಳಕ್ಕೆ ಬಂದಾಗ" ಎಂಬ ಒಂದು ಮಾತಿನಲ್ಲಿ ಆ ಎಚ್ಚರಿಕೆಯೆಲ್ಲ ಅಡಗಿದೆ. ನಾನು ಎಲ್ಲಕ್ಕೂ ಕುದಿಸಿ ಎಂದು ಬರೆದಾಗ ಕಳೆದುಹೋದದ್ದು ಇಂಥ ಎಚ್ಚರಿಕೆ. (ತುಮಕೂರು, ಕೋಲಾರಗಳು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು ಮರಳುವುದು ಸುಮಾರು 97 ಡಿಗ್ರಿಗೆ, ಶುಂಠಿಯ ಕಿಣ್ವವನ್ನು ಅಡಗಿಸಲು ಅಷ್ಟು ಸಾಕು.)

ಬತ್ತಿಸುವುದಕ್ಕೆ ಕಷಾಯದ ನೆಂಟಿದೆ. ಕಷಾಯ ಮಾಡುವಾಗ ನೀರನ್ನು ನಾಲ್ಕರಲ್ಲಿ ಒಂದು ಪಾಲಿಗೆ ಬತ್ತಿಸುವ ಕ್ರಮ ಉಂಟಷ್ಟೆ. ಟೀಯನ್ನು ಹಾಗೆ ಬತ್ತಿಸಿದರೆ ಅದು ಒಗರಾಗಿ ಬಾಯಿ ಒಣಗಿಸುತ್ತದೆ, ಆದುದರಿಂದಲೇ ದೊಡ್ಡಮ್ಮ "ಒಸಿ" ಎಂದು ಕಡಿವಾಣ ಹಾಕಿದ್ದು. ಸಂಸ್ಕೃತದಲ್ಲಿ ಕಷಾಯ ಎಂಬುದು ಆರು ರಸಗಳಲ್ಲೊಂದಾದ ಒಗರಿನ ಹೆಸರೂ ಹೌದು ಎಂಬುದನ್ನು ನೆನೆದರೆ, ಹೆಚ್ಚು ಬತ್ತಿಸಿದ ಟೀಯನ್ನು ನಮ್ಮ ಹೆಂಗಸರು "ಕಷಾಯ ಆಯ್ತು" ಎಂದು ಹೀಗಳೆಯುವುದು ಎರಡೂ ಅರ್ಥದಲ್ಲಿ ಸರಿಯಾಗಿಯೇ ಕೂಡುತ್ತದೆ. ಇಂಥ ಟೀಯನ್ನು ಕಹಿ ಎನ್ನುವವರಿದ್ದಾರೆ. ನನಗೆ ಒಗರು ಎಂಬುದೇ ಖಚಿತವಾದ ಮಾತೆನಿಸುತ್ತದೆ, ಏಕೆಂದರೆ ಹಾಲು ಬೆರೆತೊಡನೆ ಅದರ ಪ್ರೋಟೀನು ಟೀಯ ಒಗರಿನ ಅಂಶವನ್ನು ಹಿಡಿದುಕೊಂಡು ರುಚಿಯನ್ನು ಮೆದುವಾಗಿಸುತ್ತದೆ.

ಟೀ ಸೊಪ್ಪು ಎಂಬ ಮಾತನ್ನೂ ಪ್ರಾಸಂಗಿಕವಾಗಿ ಗಮನಿಸಬಹುದು. ಈಗ ನಮ್ಮ ಡಬ್ಬಿಗಳಲ್ಲಿರುವುದು ಸಾಸಿವೆಯಂಥ ಕಾಳು; 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಸಿಟಿಸಿ ಎಂಬ ಯಂತ್ರವಿಧಾನದಿಂದ ಎಲೆಯನ್ನು ಅರೆದು, ಹರಿದು, ಸುರುಳಿ ಸುತ್ತಿ ಮಾಡಿದ್ದು. ಅದು ಸೊಪ್ಪೂ ಅಲ್ಲ, ನಿಜವಾಗಿ ಪುಡಿಯೂ ಅಲ್ಲ. ಆದರೂ ಒಂದು ತಲೆಮಾರು ಸೊಪ್ಪು ಎಂದಿತು, ಇನ್ನೊಂದು ಪುಡಿ ಎಂದಿತು, ಎರಡೂ ಉಳಿದುಕೊಂಡಿವೆ. ಚಹಾ ಎಂಬುದನ್ನು ನಾವು ಓದುತ್ತೇವೆ, ಆದರೆ ನಮ್ಮ ಮನೆಗಳಲ್ಲಿ ಯಾರೂ ಆಡುವುದಿಲ್ಲ. ಅದು ಉತ್ತರ ಕರ್ನಾಟಕದವರ ಸಹಜವಾದ ಮಾತು, ನಮಗೆ ಪುಸ್ತಕದ ಮಾತು. ಟೀ, ಚಹಾ ಎರಡೂ ಚೀನದ ಮೂಲದವೇ ಆದ್ದರಿಂದ ಒಂದನ್ನು ಕನ್ನಡ, ಇನ್ನೊಂದನ್ನು ಪರಭಾಷೆ ಎಂದು ಎಣಿಸುವುದು ಸರಿಯಲ್ಲವೆಂದು ತಿಳಿದು, ನಾನು ಟೀ ಎಂದೇ ಬರೆದಿದ್ದೇನೆ.

ಇನ್ನು ಉಕ್ಕು. ಹಾಲು ಮರಳಿತು ಎಂದು ನಮ್ಮಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಾಲು ಕಾಯುತ್ತದೆ, ಅನಂತರ ಉಕ್ಕುತ್ತದೆ. ಹೊಸ ಮನೆಯ ಒಕ್ಕಲಿನಲ್ಲಿ ಹಾಲುಕ್ಕಿಸುವ ಶಾಸ್ತ್ರವಿದೆಯೇ ಹೊರತು ಹಾಲು ಕುದಿಸುವ ಶಾಸ್ತ್ರವಿಲ್ಲ. ಅತ್ತಿಗೆಯ ತೆಲುಗಿನಲ್ಲಿಯೂ ನೀರಿಗೆ ಮರುಗು, ಹಾಲಿಗೆ ಪೊಂಗು ಎಂದು ಇದೇ ಭೇದ ನಿಂತಿದೆ. ತಮಿಳರ ಪೊಂಗಲ್ ಹಬ್ಬದ ಹೆಸರಿನಲ್ಲಿರುವುದೂ ಅದೇ ಪೊಂಗು. ಕನ್ನಡದಲ್ಲಿ ಆ ಪದ ಹೊಂಗು ಎಂದಾಗಿ, ಒಲೆಯಿಂದ ಇಳಿದು, ಬಹುಮಟ್ಟಿಗೆ ಮನಸ್ಸಿನ ಹಿಗ್ಗಿಗೆ ಮೀಸಲಾಯಿತು. ಈ ಭೇದಕ್ಕೆ ಕಾರಣ ಪಾತ್ರೆಯೊಳಗೇ ಇದೆ. ಹಾಲು ಕಾದಂತೆ ಪ್ರೋಟೀನೂ ಕೊಬ್ಬೂ ಸೇರಿ ಮೇಲೆ ಪದರ ಕಟ್ಟುವುದರಿಂದ ಕೆಳಗಿನಿಂದ ಏಳುವ ಆವಿಯ ಗುಳ್ಳೆಗಳು ಒಡೆಯಲಾರದೆ ನೊರೆಯಾಗಿ ಒಟ್ಟಾಗಿ ಮೇಲೇರುತ್ತವೆ. ನೀರಿನಲ್ಲಿ ಅಂಥ ತಡೆ ಇಲ್ಲದ್ದರಿಂದ ಗುಳ್ಳೆಗಳು ಒಡೆಯುತ್ತ, ನೀರು ಇದ್ದಲ್ಲಿಯೇ ಹೊರಳಾಡುತ್ತದೆ. ಎರಡು ನಡೆಗಳು ಬೇರೆಯಾದ್ದರಿಂದ ಎರಡು ಮಾತುಗಳು ಹುಟ್ಟಿವೆ.

ತೊಡಕಿರುವುದು ಟೀಯಲ್ಲಿ. ಅದು ನೀರಾಗಿ ತೊಡಗಿ ಹಾಲಾಗಿ ಮುಗಿಯುತ್ತದೆ. ಎರಡು ಲೋಟಕ್ಕೆ ಒಂದೂಕಾಲು ಲೋಟ ನೀರು, ಒಂದು ಲೋಟ ಹಾಲು, ಹೆಬ್ಬೆರಳ ತುದಿಯಷ್ಟು ಶುಂಠಿ, ಎರಡು ಏಲಕ್ಕಿ, ಒಂದು ಲವಂಗ, ಎರಡು ಚಿಕ್ಕ ಚಮಚ ಟೀ ಸೊಪ್ಪು ಎಂಬುದು ನಮ್ಮ ಮನೆಯ ಅಳತೆ. ಹಾಲು ಬೀಳುವವರೆಗೆ ಮರಳುತ್ತಿದ್ದದ್ದು, ಹಾಲು ಬಿದ್ದ ಮೇಲೆ ಉಕ್ಕಲು ಅಣಿಯಾಗುತ್ತದೆ. ದೊಡ್ಡಮ್ಮನ ಮಾತಿನಲ್ಲಿ ಉಕ್ಕು ಎಂಬುದು ನಾಮಪದವೂ ಆಗಿ, ಎಣಿಕೆಗೂ ಸಿಗುತ್ತದೆ: ಒಂದು ಉಕ್ಕು ಬಂದರೆ ಹಗುರ ಟೀ, ಉರಿ ತಗ್ಗಿಸಿ ಎರಡು ಉಕ್ಕು ಬರಿಸಿದರೆ ಗಟ್ಟಿ ಟೀ. ಗಡಿಯಾರವಿಲ್ಲದ ಅಡುಗೆಮನೆಯಲ್ಲಿ ಇದಕ್ಕಿಂತ ನಂಬಿಕೆಯ ಅಳತೆ ಬೇರೊಂದಿರಲಾರದು. ಕುದಿ ಎಂಬುದನ್ನು ಅವರು ಸಾರು, ಹುಳಿ, ಗೊಜ್ಜುಗಳಂಥ ಮಂದವಾದ ಪದಾರ್ಥಗಳಿಗೆ ಇಟ್ಟುಕೊಂಡಿದ್ದಾರೆ, ಮತ್ತು ಹೊಟ್ಟೆಕಿಚ್ಚಿನವರ ಹೊಟ್ಟೆಗೆ.

ತಿದ್ದಿದ ಬರಹದಲ್ಲಿ ನಾನು "ನೀರು ಮರಳತೊಡಗಿದಾಗ" ಎಂದು ಬರೆದು, ಕೊನೆಗೆ "ಎರಡು ಉಕ್ಕು ಬರಿಸಿ ಇಳಿಸುವುದು" ಎಂದು ಸೇರಿಸಿದೆ. ಅದನ್ನು ಓದಿದ ಹುಡುಗಿ ಫೋನು ಮಾಡಿ, "ದೊಡ್ಡಪ್ಪಾ, ನೀರು ಎಲ್ಲಿಂದ ಮರಳಿ ಬರಬೇಕು?" ಎಂದು ಕೇಳಿದಳು. ಆದುದರಿಂದ ಬಲ್ಲವರಲ್ಲಿ ನನ್ನ ಬಿನ್ನಹ ಇಷ್ಟು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಗಳಲ್ಲಿ, ಅದರಲ್ಲೂ ಎರಡೂ ಭಾಷೆ ಆಡುವ ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲುಗಳಲ್ಲಿ, ಕನ್ನಡ ಆಡುವಾಗ ಟೀಗೆ ಮರಳು ಎನ್ನುತ್ತಾರೆಯೇ, ಕಾಸು ಎನ್ನುತ್ತಾರೆಯೇ, ಅಥವಾ ತೆಲುಗಿನ ಟೀ ಪೆಟ್ಟು ಎಂಬುದರ ಜಾಡಿನಲ್ಲಿ ಟೀ ಇಡು ಎನ್ನುತ್ತಾರೆಯೇ? ಹಾಲು ಬೆರೆತ ಟೀಗೆ ಉಕ್ಕು ಬರಿಸು ಎಂಬುದಕ್ಕಿಂತ ಚಿಕ್ಕದಾದ, ಒಂದೇ ಪದದ ಮಾತು ಯಾರ ಮನೆಯಲ್ಲಾದರೂ ಬಳಕೆಯಲ್ಲಿದ್ದರೆ, ಅದನ್ನು ಯಾವ ಊರಿನ ಮಾತೆಂದು ತಿಳಿಸಿ ಬರೆಯಬೇಕಾಗಿ ಕೋರುತ್ತೇನೆ.