ಸಿಡ್ನಿಯವರು ಎಲ್ಲ ತೆರೆದಿಟ್ಟಿದ್ದಾರೆ, ನಮ್ಮ ವಿಭಾಗಗಳಿಗೆ ಏನು ಕಷ್ಟ?

ಮಲ್ಪೆ ಮೇಷ್ಟ್ರು: ನಿನ್ನೆ ಬಿ.ಎಸ್ಸಿ. ಕ್ಲಾಸಿನಲ್ಲಿ ಖಂಡಗಳು ಸರಿದದ್ದನ್ನು ತೋರಿಸುವ ಜಿಪ್ಲೇಟ್ಸ್ ತಂತ್ರಾಂಶ ತೆರೆದು ಕಾಲವನ್ನು 9 ಕೋಟಿ ವರ್ಷ ಹಿಂದಕ್ಕೆ ಎಳೆದೆ. ಮಡಗಾಸ್ಕರ್ ಜರುಗುತ್ತ ಬಂದು ನಮ್ಮ ಕರಾವಳಿಗೆ ಕೂತಿತು. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ತಾನೇ ಮೌಸ್ ಹಿಡಿದಳು. ಸಿಡ್ನಿ ವಿಶ್ವವಿದ್ಯಾಲಯದ ಅರ್ಥ್‌ಬೈಟ್ ಗುಂಪು ತಂತ್ರಾಂಶ, ದತ್ತಾಂಶ, ಅಭ್ಯಾಸಪಾಠ ಎಲ್ಲವನ್ನೂ ಪುಕ್ಕಟೆ ಇಟ್ಟಿದೆ. ನಮ್ಮವರ ನೋಟ್ಸ್ ಬೀರುವಿನಲ್ಲಿದೆ. ಸೇಂಟ್ ಮೇರೀಸ್ ದ್ವೀಪದ ಬಸಾಲ್ಟ್ ಕಂಬಗಳು ಪಕ್ಕದಲ್ಲೇ ಇದ್ದರೂ ಪಾಠಕ್ಕೆ ಸಿಡ್ನಿಯೇ ಗತಿ!

ಐದನೇ ವರ್ಷದ ಪಿಎಚ್‌ಡಿ: "ಎಲ್ಲವನ್ನೂ" ಅಂದಿರಲ್ಲ ಸಾರ್, ಪ್ರಬಂಧ ಬಂದ ಮೇಲೆ ಇಡುವುದು ಬೇರೆ, ಮೊದಲೇ ಇಡುವುದು ಬೇರೆ. ನನ್ನ ಮಾದರಿಯನ್ನು ಒಂದು ಸೆಮಿನಾರಿನಲ್ಲಿ ತೋರಿಸಿದೆ. ಏಳು ತಿಂಗಳಲ್ಲಿ ಅದೇ ವಿಚಾರ ದೊಡ್ಡ ಲ್ಯಾಬಿನವರ ಹೆಸರಲ್ಲಿ ಬಂತು.

ಸುತ್ತಿಗೆ: ಬಸಾಲ್ಟ್ ಅಲ್ಲ. ಅದು ರಯೊಲೈಟ್, ಡಾಸೈಟ್. ಅವೂ ಲಾವಾ ಶಿಲೆಗಳೇ, ಆದರೆ ಸಿಲಿಕಾ ಬಸಾಲ್ಟ್‌ಗಿಂತ ಎಷ್ಟೋ ಹೆಚ್ಚು.

ಮಲ್ಪೆ ಮೇಷ್ಟ್ರು: ಪ್ರವಾಸಿ ಬರಹಗಳಲ್ಲೆಲ್ಲ ಬಸಾಲ್ಟ್ ಅಂತಲೇ ಇದೆ. ಆರು ಮೂಲೆಯ ಕಂಬ ಕಣ್ಣಿಗೆ ಕಾಣುವುದಿಲ್ಲವೇ?

ಸುತ್ತಿಗೆ: ಕಂಬ ಆಗುವುದು ಲಾವಾ ತಣಿದು ಕುಗ್ಗುವುದರಿಂದ. ಆಕಾರ ನೋಡಿ ಶಿಲೆಗೆ ಹೆಸರಿಡುವ ಮೇಷ್ಟ್ರನ್ನು ಇವತ್ತೇ ಕಂಡೆ.

ವಿಜಾಪುರದಾಕಿ: ಸಿಟ್ಟ್ಯಾಕ್ರಿ ಸರ? ಗೋಳಗುಮ್ಮಟದ ಕಲ್ಲೂ ಲಾವಾನ, ನಿಮ್ಮ ದ್ವೀಪದ್ದೂ ಲಾವಾನ. ಎಲ್ಲಾ ದಖ್ಖನ್ ಟ್ರಾಪ್ ಅಂತ ನಾವು ಕಲ್ತೀವಿ.

ಸುತ್ತಿಗೆ: ತಪ್ಪು ಕಲಿಸಿದ್ದಾರೆ! ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷದ್ದು, ರಿಯೂನಿಯನ್ ಬಿಸಿತಾಣದಿಂದ, ಅಂದರೆ ಭೂಮಿಯ ಆಳದಿಂದ ಬಿಸಿ ಉಕ್ಕಿ ಬರುವ ಜಾಗದಿಂದ, ಬಂದದ್ದು. ದ್ವೀಪದ್ದು ಸುಮಾರು 8.8 ಕೋಟಿ, ಮಡಗಾಸ್ಕರ್ ಬೇರ್ಪಟ್ಟ ಕಾಲದ್ದು. ಎರಡು ಕೋಟಿ ವರ್ಷ ನುಂಗಿಬಿಟ್ಟಿರಿ. ಇಂಥ ನೋಟ್ಸ್ ಬೀರುವಿನಲ್ಲೇ ಇರಲಿ.

ಐದನೇ ವರ್ಷದ ಪಿಎಚ್‌ಡಿ: "ಬೀರುವಿನಲ್ಲೇ ಇರಲಿ." ಅದನ್ನೇ ನಾನೂ ಹೇಳಿದ್ದು.

ಕೋಡ್ ಬರೆಯುವವ: ನೀವು ಹೇಳಿದ್ದು ಕದಿಯುತ್ತಾರೆ ಅಂತ. ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಪದರದ ಹರಿವನ್ನು ಲೆಕ್ಕ ಹಾಕುವ ಆಸ್ಪೆಕ್ಟ್ ಕೋಡನ್ನು ನೋಡಿ. ಬರೆಯುವಾಗಲೇ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಯಾರು ಕದ್ದರು?

ಐದನೇ ವರ್ಷದ ಪಿಎಚ್‌ಡಿ: ಅದರ ಬೆನ್ನಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಇದೆ. ನನ್ನ ಫೆಲೋಶಿಪ್ ಹಣ ಬಾರದೆ ನಾಲ್ಕು ತಿಂಗಳಾಯಿತು. ಕದಿಯುವ ಮಾತು ನಿಮಗೆ ಹಗುರ, ನನಗಲ್ಲ.

ಕೋಡ್ ಬರೆಯುವವ: ನಾಲ್ಕು ತಿಂಗಳಿಗೂ ನೋಟ್ಸ್ ಹಂಚುವುದಕ್ಕೂ ಏನು ಸಂಬಂಧ? ಮೇಷ್ಟ್ರು ಕೇಳಿದ್ದು ಪಾಠದ ಸಾಮಗ್ರಿ, ನಿಮ್ಮ ಪ್ರಬಂಧವನ್ನಲ್ಲ.

ವಿಜಾಪುರದಾಕಿ: ಹೌದ್ರಿ, ನನ್ನ ಮಕ್ಕಳಿಗೂ ಆ ಮಡಗಾಸ್ಕರ್ ಸರಿಯೂದು ತೋರಸ್ಬೇಕು. ಕನ್ನಡದಾಗ ಬರದಿದ್ದು ಇದ್ರ ಕೊಡ್ರಿ ಸರ.

ಮಲ್ಪೆ ಮೇಷ್ಟ್ರು: ನಾಳೆ 14 ಸ್ಲೈಡ್ ಹಾಕುತ್ತೇನೆ ಅಕ್ಕ. ಬೇಕಾದವರು ತಿದ್ದಿಕೊಳ್ಳಲಿ. ಏಳನೆಯದರಲ್ಲಿ "ಲಾವಾ ಕಂಬಗಳು" ಅಂತ ಇರುತ್ತದೆ. ರಯೊಲೈಟ್ ಅಂತ ಬರೆಯುವುದಿಲ್ಲ.

ಸುತ್ತಿಗೆ: ಶಿಲೆಯ ವಯಸ್ಸನ್ನಾದರೂ ಸರಿಯಾಗಿ ಹಾಕಿ. 8.8 ಕೋಟಿ.