ಬೀದಿ ಸಂಗೀತಗಾರರ ಭಾವಚಿತ್ರ: ನುಡಿಸುತ್ತಿರುವಾಗಲೋ, ನಿಲ್ಲಿಸಿದ ಮೇಲೋ?

ಮಂದಬೆಳಕು:

ಬೀದಿಯಲ್ಲಿ ಹಾಡುವ, ವಾದ್ಯ ನುಡಿಸುವ ಕಲಾವಿದರ ಭಾವಚಿತ್ರಗಳ ಸರಣಿಯೊಂದನ್ನು, ಯಾರ ಬೇಡಿಕೆಯೂ ಇಲ್ಲದೆ, ನನ್ನ ಆಸಕ್ತಿಗಾಗಿಯೇ ಮಾಡುತ್ತಿದ್ದೇನೆ. ಇದುವರೆಗಿನ ಚಿತ್ರಗಳಲ್ಲಿ ವಾದ್ಯವೂ ಬೆರಳುಗಳೂ ಚೆನ್ನಾಗಿ ಬಂದಿವೆ. ಆದರೆ ನುಡಿಸುತ್ತಿರುವ ವ್ಯಕ್ತಿ ಎಂಥವರೆಂಬುದು ಯಾವ ಚಿತ್ರದಿಂದಲೂ ತಿಳಿಯುವುದಿಲ್ಲ. ಅವು ಸಂಗೀತ ಕಛೇರಿಯ ವರದಿಗೆ ತೆಗೆದ ಚಿತ್ರಗಳಂತಿವೆ. ಭಾವಚಿತ್ರ ಬೇಕೆಂದರೆ ನುಡಿಸುವುದನ್ನು ನಿಲ್ಲಿಸುವವರೆಗೆ ಕಾಯಬೇಕೆ? ಮೊದಲೇ ಅನುಮತಿ ಕೇಳಿದರೆ ಸಹಜತೆ ಹಾಳಾಗುವುದಿಲ್ಲವೇ? ಹಣದ ವಿಷಯದಲ್ಲಿ ನೀವೆಲ್ಲ ಹೇಗೆ ನಡೆದುಕೊಳ್ಳುತ್ತೀರಿ? ನನ್ನ ಬಳಿ ಅಗಲ ನೋಟದ 35 ಮತ್ತು ಕಿರಿದಾದ ನೋಟದ 85 ಮಿ.ಮೀ. ಲೆನ್ಸ್‌ಗಳಿವೆ, ಇಡೀ ಸರಣಿಗೆ ಒಂದನ್ನೇ ಬಳಸಬೇಕೆಂದಿದ್ದೇನೆ.

ಹಳೆಲೆನ್ಸ್:

ನಿಮ್ಮ ತೊಂದರೆ ಲೆನ್ಸಿನದಲ್ಲ, ಹೊತ್ತಿನದು. ನುಡಿಸುವಾಗ ಕಲಾವಿದರ ಗಮನವೆಲ್ಲ ನಾದದ ಮೇಲಿರುತ್ತದೆ; ಮುಖ ಶ್ರುತಿಗೂ ಲಯಕ್ಕೂ ದುಡಿಯುತ್ತಿರುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಆರಂಭವಾಗುವ ಮೊದಲು, ತಂತಿಯನ್ನು ಬಿಗಿಗೊಳಿಸುವಾಗ, ನೀರು ಕುಡಿಯುವಾಗ, ಪಕ್ಕದವರ ಕಡೆ ತಿರುಗಿ ಏನನ್ನೋ ಹೇಳುವಾಗ ಆ ಮುಖ ಮತ್ತೆ ಅವರದಾಗುತ್ತದೆ. ನನ್ನ ಮಟ್ಟಿಗೆ ಭಾವಚಿತ್ರದ ಹೊತ್ತು ಅದೇ.

ಅನುಮತಿಯಿಂದ ಸಹಜತೆ ಕೆಡುತ್ತದೆಂಬ ಭಯವನ್ನು ದಯವಿಟ್ಟು ಬಿಡಿ. 1890ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಛಾಯಾಗ್ರಾಹಕ ಯೂಜೀನ್ ಅಟ್ಜೆ ತೆಗೆದ ಚಿತ್ರವೊಂದರಲ್ಲಿ ಕೈಯಿಂದ ತಿರುಗಿಸುವ ಆರ್ಗನ್ ನುಡಿಸುವ ಗಡ್ಡದ ಮನುಷ್ಯನೂ ಅವನ ಪಕ್ಕದಲ್ಲಿ ಹಾಡುವ ಪುಟ್ಟ ದೇಹದ ಹೆಣ್ಣೂ ಇದ್ದಾರೆ. ಅವಳ ಮುಖ ಹಾಡಿನ ಸಂತೋಷದಿಂದ ಅರಳಿದೆ. ಅಟ್ಜೆ ಬಳಸುತ್ತಿದ್ದುದು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕಾದ, 18x24 ಸೆಂ.ಮೀ. ಗಾಜಿನ ಫಲಕದ ಕ್ಯಾಮೆರಾ. ಅಂಥದರಿಂದ ಕದ್ದು ತೆಗೆಯುವುದು ಸಾಧ್ಯವೇ ಇಲ್ಲ. ಇಬ್ಬರೂ ತಿಳಿದೇ ಅದರ ಮುಂದೆ ನಿಂತಿದ್ದರು, ಆದರೂ ಆ ಮುಖದಲ್ಲಿ ಕೃತಕತೆಯ ಸುಳಿವಿಲ್ಲ.

ಲೆನ್ಸಿನ ಬಗ್ಗೆ ಹೇಳುವುದಾದರೆ ನಾನು 35 ಅನ್ನೇ ಆರಿಸುತ್ತೇನೆ. ಛಾಯಾಗ್ರಾಹಕ ಆಂಡ್ರೆ ಕೆರ್ಟೆಸ್ 1921ರಲ್ಲಿ ಹಂಗೇರಿಯ ಆಬೊನಿಯಲ್ಲಿ ತೆಗೆದ ಕುರುಡು ಪಿಟೀಲುಗಾರನ ಚಿತ್ರವನ್ನು ನೋಡಿ. ಜೊತೆಯಲ್ಲಿರುವ ಹುಡುಗ, ಮಣ್ಣಿನ ರಸ್ತೆ, ಹಿಂದೆ ನಿಂತಿರುವ ಪುಟ್ಟ ಮಗು ಇವನ್ನೆಲ್ಲ ಕತ್ತರಿಸಿ ಮುಖವನ್ನು ಮಾತ್ರ ಉಳಿಸಿದ್ದರೆ ಆ ಮನುಷ್ಯನ ಬದುಕಿನ ಅರ್ಧ ಭಾಗ ಚಿತ್ರದಿಂದ ಹೊರಗುಳಿಯುತ್ತಿತ್ತು. 85ರಲ್ಲಿ ಹಿನ್ನೆಲೆ ಮಸುಕಾಗಿ ಮುಖ ಸುಂದರವಾಗಿ ಬರುತ್ತದೆ, ನಿಜ. ಆದರೆ ಬೀದಿಯೇ ಕಾಣದಿದ್ದರೆ ಅವರು ಬೀದಿಯ ಕಲಾವಿದರೆಂದು ನೋಡುವವರಿಗೆ ತಿಳಿಯುವುದಾದರೂ ಹೇಗೆ? 35ರಲ್ಲಿ ತೀರಾ ಹತ್ತಿರ ಹೋದರೆ ಮೂಗು ಹಿಗ್ಗಿದಂತೆ ಬರುತ್ತದೆ, ಆದ್ದರಿಂದ ಸೊಂಟದ ಮೇಲಿನ ಭಾಗ ತುಂಬುವಷ್ಟು ದೂರ ಕಾಯ್ದುಕೊಳ್ಳಿ.

ನುಡಿಸುವಾಗಿನ ಕೆಲವು ಚಿತ್ರಗಳು ಸರಣಿಗೆ ಬೇಕೇ ಬೇಕು ಎನ್ನುವುದಾದರೆ ವಾದ್ಯವನ್ನು ನೋಡಿ ನಿಲ್ಲುವ ಜಾಗ ಆರಿಸಿ. ಅಡ್ಡ ಹಿಡಿಯುವ ಕೊಳಲು ಸಾಮಾನ್ಯವಾಗಿ ನುಡಿಸುವವರ ಬಲಕ್ಕೆ ಚಾಚಿರುತ್ತದೆ. ಅವರ ಎಡಗಡೆಯಿಂದ ಕೆನ್ನೆ ಮತ್ತು ಕಣ್ಣು ಅಡ್ಡಿಯಿಲ್ಲದೆ ಸಿಗುತ್ತವೆ. ಹಾಡುವವರ ಚಿತ್ರವನ್ನು ಸಾಲಿನ ಕೊನೆಯ ಸ್ವರ ಇಳಿಯುವಾಗ ತೆಗೆದರೆ ಬಾಯಿ ವಿಕಾರವಾಗಿ ತೆರೆದಿರುವುದಿಲ್ಲ. ಪಿಟೀಲಿನ ಕಮಾನು ಸ್ಪಷ್ಟವಾಗಿ ನಿಲ್ಲಲು ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಹೊತ್ತು, 1/250 ಸೆಕೆಂಡ್ ಇರಲಿ. 1/30ಕ್ಕೆ ಇಳಿಸಿದರೆ ಕಮಾನು ಮಸುಕಾಗುತ್ತದೆ, ತಲೆ ಅಲುಗದಿದ್ದರೆ ಮುಖ ಹಾಗೇ ಉಳಿಯುತ್ತದೆ. ರಾತ್ರಿ ಎಲ್‌ಇಡಿ ದೀಪಗಳ ಕೆಳಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ದೀಪ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುವುದರಿಂದ ಚಿತ್ರದ ಮೇಲೆ ಪಟ್ಟೆಗಳು ಮೂಡಬಹುದು. 50 ಹರ್ಟ್ಜ್ ವಿದ್ಯುತ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಜ್ ಇರುವಲ್ಲಿ 1/60 ಅಥವಾ 1/125 ವೇಗದಲ್ಲಿ ಮೆಕ್ಯಾನಿಕಲ್ ಶಟರ್ ಬಳಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕಪ್ಪುಬಿಳುಪು:

ಅನುಮತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ, ಕೋಟಿನೊಳಗೆ ಬಚ್ಚಿಟ್ಟ ಕ್ಯಾಮೆರಾದಿಂದ ಪ್ರಯಾಣಿಕರ ಚಿತ್ರಗಳನ್ನು ತೆಗೆದರು. ಅಕಾರ್ಡಿಯನ್ ನುಡಿಸುತ್ತಾ ರೈಲು ಬೋಗಿಯ ನಡುವೆ ಬರುವ ಕುರುಡು ಕಲಾವಿದನ ಚಿತ್ರವೂ ಅವುಗಳಲ್ಲಿದೆ. ಕೇಳಿದ್ದರೆ ಅದು ಸಿಗುತ್ತಿರಲಿಲ್ಲ. ಆದ್ದರಿಂದ ಮೊದಲು ತೆಗೆದು, ತಕ್ಷಣ ತೋರಿಸಿ, ಬೇಡವೆಂದರೆ ಅವರೆದುರಿಗೇ ಅಳಿಸುವ ಕ್ರಮವೂ ಗೌರವದ ಕ್ರಮವೇ ಎಂದು ನಾನು ನಂಬುತ್ತೇನೆ.

ಶ್ರುತಿಪೆಟ್ಟಿಗೆ:

ನಾನು ಬಹುಕಾಲ ಬೀದಿಯಲ್ಲಿ ನುಡಿಸಿದವನು. ಹೀಗಾಗಿ ಕ್ಯಾಮೆರಾದ ಇನ್ನೊಂದು ಬದಿಯಿಂದ ಕೆಲವು ಮಾತು ಹೇಳಬೇಕೆನಿಸಿತು. ಇವಾನ್ಸ್ ಅವರ ಉದಾಹರಣೆ ಕೊಟ್ಟವರು, ಆ ಚಿತ್ರಗಳು ಪುಸ್ತಕವಾಗಿ ಹೊರಬಂದದ್ದು 1966ರಲ್ಲಿ ಎಂಬುದನ್ನೂ ಸೇರಿಸಬೇಕಿತ್ತು. ಅಷ್ಟು ವರ್ಷ ಕಾದದ್ದಕ್ಕೆ ಇದ್ದ ಕಾರಣಗಳಲ್ಲಿ ಆ ಪ್ರಯಾಣಿಕರ ಖಾಸಗಿತನದ ಬಗೆಗಿನ ಅಳುಕೂ ಒಂದು ಎಂದೇ ಹೇಳಲಾಗುತ್ತದೆ. ಇಂದು ತೆಗೆದ ಚಿತ್ರ ಸಂಜೆಯೊಳಗೆ ಎಲ್ಲೆಡೆ ಹರಡುತ್ತದೆ.

ನುಡಿಸುವ ಹೊತ್ತು ನಮ್ಮ ದುಡಿಮೆಯ ಹೊತ್ತು ಎಂಬುದನ್ನು ಮರೆಯಬೇಡಿ. ಕ್ಯಾಮೆರಾ ಹಿಡಿದವರು ಎದುರಿಗೆ ಬಂದು ನಿಂತರೆ ದಾರಿಹೋಕರು ಚಿತ್ರಕ್ಕೆ ಅಡ್ಡವಾದೇವೆಂದು ಸುತ್ತುಬಳಸಿ ಹೋಗುತ್ತಾರೆ, ಕೇಳುಗರು ಸೇರುವುದಿಲ್ಲ. ಆದ್ದರಿಂದ ಮೊದಲು ಕೇಳುಗರಾಗಿ ನಿಂತು ಒಂದು ಹಾಡನ್ನು ಪೂರ್ತಿ ಕೇಳಿ, ಸಂಗೀತಕ್ಕೆಂದು ಪೆಟ್ಟಿಗೆಗೆ ಹಣ ಹಾಕಿ, ಬಿಡುವಿನಲ್ಲಿ ಮಾತನಾಡಿಸಿ. ಭಾವಚಿತ್ರಕ್ಕಾಗಿ ಅವರ ಸಮಯ ಕೇಳುವುದಾದರೆ ಅದಕ್ಕೆ ಬೇರೆಯಾಗಿ ಹಣ ಕೊಡುವುದಾಗಿ ಮೊದಲೇ ತಿಳಿಸಿ. ಪೆಟ್ಟಿಗೆಗೆ ಹಾಕಿದ ಚಿಲ್ಲರೆಯಿಂದ ಚಿತ್ರದ ಹಕ್ಕು ಬರುವುದಿಲ್ಲ. ಮುಂದೆ ಎಂದಾದರೂ ಜಾಹೀರಾತಿಗೆ ಚಿತ್ರ ಕೊಡುವ ಯೋಚನೆಯಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ. ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಎತ್ತಲೇಬೇಡಿ.

ಇನ್ನೊಂದು ಮಾತನ್ನು ತುಸು ನೋವಿನಿಂದಲೇ ಹೇಳುತ್ತೇನೆ. ಬೀದಿಯಲ್ಲಿ ನುಡಿಸುವವರೆಂದರೆ ದೀನರು ಎಂದು ಮೊದಲೇ ನಿರ್ಧರಿಸಿಕೊಂಡು ಬರುವ ಛಾಯಾಗ್ರಾಹಕರು ನೂರು ಚಿತ್ರಗಳಲ್ಲಿ ಕಣ್ಣು ಕೆಳಗಿಳಿದ ಒಂದನ್ನೇ ಆರಿಸುತ್ತಾರೆ. ನಮ್ಮಲ್ಲಿ ಬೀದಿಯನ್ನು ಇಷ್ಟಪಟ್ಟೇ ಆರಿಸಿಕೊಂಡವರಿದ್ದಾರೆ, ಬೇರೆ ದಾರಿಯಿಲ್ಲದೆ ಬಂದವರೂ ಇದ್ದಾರೆ. ಯಾರು ಯಾವ ಬಗೆಯವರೆಂದು ಮಾತನಾಡಿಸದೆ ತಿಳಿಯುವುದಿಲ್ಲ. ಯಾವ ಚಿತ್ರ ಸರಣಿಗೆ ಹೋಗಬೇಕೆಂದು ಆಯುವಾಗ ಅವರನ್ನೂ ಕೇಳಿ.

ಮಂದಬೆಳಕು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. 35ರಲ್ಲೇ ಮುಂದುವರಿಯುತ್ತೇನೆ. ನನ್ನ ಸರಣಿಯಲ್ಲಿ ಕಣ್ಣು ಕಾಣದ ಹಾರ್ಮೋನಿಯಂ ವಾದಕರೊಬ್ಬರನ್ನು ಸೇರಿಸುವ ಆಸೆಯಿದೆ. ಚಿತ್ರವನ್ನು ಅವರು ನೋಡಲಾರರು ಎಂದಾಗ ಅವರ ಒಪ್ಪಿಗೆಯನ್ನು ಹೇಗೆ ಪಡೆಯುವುದು?

ಶ್ರುತಿಪೆಟ್ಟಿಗೆ:

ಎಷ್ಟು ದೂರದಲ್ಲಿ ನಿಂತಿದ್ದೀರಿ, ಚಿತ್ರದಲ್ಲಿ ಏನೇನು ಬರುತ್ತದೆ, ಅದನ್ನು ಎಲ್ಲಿ ತೋರಿಸುತ್ತೀರಿ ಎಂಬುದನ್ನು ಅವರಿಗೆ ಬಾಯಲ್ಲಿ ವಿವರಿಸಿ. ಸದ್ದಿಲ್ಲದ ಶಟರ್ ಬೇಡ. ಯಾವಾಗ ತೆಗೆದಿರೆಂದು ಅವರಿಗೆ ಕೇಳಿಸಬೇಕು. ಚಿತ್ರದ ಮುದ್ರಿತ ಪ್ರತಿ ಕೊಡಲು ಹೋದಾಗ ಅವರು ನಂಬುವ ಯಾರಾದರೂ ಜೊತೆಗಿದ್ದರೆ, ಆ ಚಿತ್ರದಲ್ಲಿ ತಾವು ಹೇಗೆ ಕಾಣುತ್ತೇವೆಂದು ವಾದಕರು ಆ ವ್ಯಕ್ತಿಯಿಂದಲೂ ಕೇಳಿ ತಿಳಿಯಬಹುದು. ಶೀರ್ಷಿಕೆಯಲ್ಲಿ ಯಾವ ಹೆಸರು ಹಾಕಬೇಕೆಂದೂ ಆಗಲೇ ಕೇಳಿಕೊಳ್ಳಿ, ಏಕೆಂದರೆ ಬೀದಿಯಲ್ಲಿ ಪರಿಚಿತವಾದ ಹೆಸರೇ ಮುದ್ರಣದಲ್ಲೂ ಇರಲಿ ಎನ್ನುವವರು ನಮ್ಮಲ್ಲಿ ಅನೇಕರು.