ಆರು ಲಕ್ಷದೊಳಗೆ ಎಳೆತ ಇರುವ ಹಳೇ ಸೆಡಾನ್: ಸುಂಟಿಕೊಪ್ಪ–ಮೈಸೂರು ಓಡಾಟಕ್ಕೆ ಯಾವುದು?

ಕಾಫಿಹೂ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ, ಮೇನ್ ರೋಡಿನಿಂದ ಒಳಗೆ ತೋಟದ ದಾರಿ. ಕೆಲಸ ಮೈಸೂರಿನ ಒಂದು ಕಾಲೇಜಿನಲ್ಲಿ. ಸೋಮವಾರ ಬೆಳಿಗ್ಗೆ ಹೋಗಿ, ವಾರದ ಮಧ್ಯೆ ಒಂದು ಸಲ ಮನೆಗೆ ಬಂದು, ಶುಕ್ರವಾರ ವಾಪಸ್. ಒಂದು ಕಡೆಗೆ ನೂರು ಕಿಲೋಮೀಟರ್ ಚಿಲ್ಲರೆ. ಆಗಾಗ ಅಕ್ಕನ ಮನೆಗೆ ಬೆಂಗಳೂರಿಗೂ ಹೋಗುತ್ತೇನೆ. ಆಗ ಎಕ್ಸ್‌ಪ್ರೆಸ್‌ವೇ.

ಈಗಿರುವುದು 800 ಸಿಸಿಯ ಪುಟ್ಟ ಕಾರು. ಪಾಪ, ತುಂಬಾ ದುಡಿದಿದೆ. ಆದರೆ ಪಿರಿಯಾಪಟ್ಟಣ ದಾಟಿ ಟಿಂಬರ್ ಲಾರಿ ಹಿಂದೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಎಸಿ ಆಫ್ ಮಾಡಿ, ಥರ್ಡ್ ಗೇರಿಗೆ ಇಳಿಸಿ, ಎದುರಿಗೆ ಅರ್ಧ ಕಿಲೋಮೀಟರ್ ಖಾಲಿ ಇದೆಯಾ ಅಂತ ನೋಡಿ, ಆಮೇಲೆ ಹೊರಡಬೇಕು. ಅಷ್ಟರಲ್ಲಿ ಎದುರಿನಿಂದ ಕೆಂಪು ಬಸ್ಸು.

ನಮ್ಮ ಮನೆಯವರು ಬೊಲೆರೊ ತಗೋ, ತೋಟಕ್ಕೂ ಆಗುತ್ತದೆ ಅನ್ನುತ್ತಾರೆ. ತೋಟಕ್ಕೆ ಜೀಪ್ ಇದೆಯಲ್ಲ! ನನಗೆ ಕಾರು ಓಡಿಸುವುದೇ ಖುಷಿ. ಅಪ್ಪ ನನಗೆ ಹದಿನಾರಕ್ಕೇ ತೋಟದೊಳಗೆ ಜೀಪ್ ಕಲಿಸಿದ್ದರು. ಒಂದು ಸಲವಾದರೂ ಕಾಲಿಟ್ಟರೆ ಮುಂದಕ್ಕೆ ಹಾರುವ ಕಾರು ಇಟ್ಟುಕೊಳ್ಳಬೇಕು ಅಂತ ಆಸೆ. ಸೆಡಾನೇ ಬೇಕು, ಮ್ಯಾನುಯಲ್ ಇದ್ದರೆ ಒಳ್ಳೆಯದು. ಇನ್ಶೂರೆನ್ಸ್, ಟೈರು, ಮೊದಲ ಸರ್ವಿಸ್ ಎಲ್ಲ ಸೇರಿ ಆರು ಲಕ್ಷ. ಎಳೆದರೆ ಇನ್ನೊಂದು ಇಪ್ಪತ್ತು ಸಾವಿರ.

ಸದ್ಯ ಕಣ್ಣಿಗೆ ಬಿದ್ದಿರುವುದು ಇವು. 2012ರ ಸ್ಕೋಡಾ ಲಾರಾ 1.8 ಟಿಎಸ್ಐ (ಟರ್ಬೊ ಪೆಟ್ರೋಲ್) ಮ್ಯಾನುಯಲ್, ಮೈಸೂರಿನಲ್ಲಿದೆ, 3.75 ಹೇಳುತ್ತಿದ್ದಾರೆ. 2014ರ ಫಿಯೆಟ್ ಲಿನಿಯಾ ಟಿ-ಜೆಟ್, ಇದೂ ಟರ್ಬೊ ಪೆಟ್ರೋಲ್, ಹಾಸನದಲ್ಲಿ, 3.40. 2020ರ ಸ್ಕೋಡಾ ರಾಪಿಡ್ 1.0 ಟಿಎಸ್ಐ ಮ್ಯಾನುಯಲ್, ಬೆಂಗಳೂರು, 6.40, ಅಂದರೆ ಬಜೆಟ್ ಮೀರಿದ್ದು. ಇನ್ನೊಂದು ಇರಿಟ್ಟಿ ಕಡೆಯ ಕೇರಳ ನಂಬರಿನ ವರ್ನಾ 1.6 ಡೀಸೆಲ್, 2013. ಅದು ಎಲ್ಲದಕ್ಕಿಂತ ಅಗ್ಗ. ಯಾವುದಕ್ಕೆ ಕೈ ಹಾಕಲಿ?

ಹಳೇಹೋಂಡಾ (ಮಡಿಕೇರಿ)

ಮೇಡಂ, ನಿಮ್ಮ ಪಟ್ಟಿಯಲ್ಲಿ ಹೋಂಡಾ ಸಿಟಿ ಯಾಕಿಲ್ಲ? 2014ರ ನಂತರದ ಸಿಟಿ ಪೆಟ್ರೋಲ್ ಹುಡುಕಿ. 119 ಪಿಎಸ್ (ಹಾರ್ಸ್‌ಪವರ್ ಅಂದುಕೊಳ್ಳಿ) ಇದೆ, ಎಂಜಿನ್ ಕೈ ಕೊಡುವುದಿಲ್ಲ, ಮಾರುವಾಗಲೂ ರೇಟ್ ಸಿಗುತ್ತದೆ. ನನ್ನದು ಲಕ್ಷ ಕಿಲೋಮೀಟರ್ ದಾಟಿದೆ, ಆಯಿಲ್ ಮತ್ತು ಕ್ಲಚ್ ಬಿಟ್ಟರೆ ದೊಡ್ಡ ಖರ್ಚು ಬಂದಿಲ್ಲ.

ಸಿವಿಕ್ ಮಾತ್ರ ಬೇಡ. ನೋಡಲು ಚೆಂದ, 1.8 ಎಂಜಿನ್ ಚೆಂದ, ಆದರೆ ತೀರಾ ತಗ್ಗು. ನಿಮ್ಮ ತೋಟದ ದಾರಿಯಲ್ಲಿ ದಿನಾ ಹೊಟ್ಟೆ ಉಜ್ಜುತ್ತದೆ.

ಗೋಣಿಕೊಪ್ಪ ಗ್ಯಾರೇಜ್

ಸಿಟಿ ಒಳ್ಳೆಯ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಡಂ ಕೇಳಿದ್ದು ಬೇರೆ. ಸಿಟಿಯ 119 ಪಿಎಸ್ ಪೂರ್ತಿ ಬರುವುದು 6,600 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. ಟಾರ್ಕ್, ಅಂದರೆ ಎಳೆಯುವ ಬಲ, 145 ನ್ಯೂಟನ್ ಮೀಟರ್, ಅದೂ 4,600ಕ್ಕೆ. ಟಿಂಬರ್ ಲಾರಿ ಹಿಂದೆ ಇರುವಾಗ ಎಂಜಿನ್ ಎರಡು ಸಾವಿರದಲ್ಲಿರುತ್ತದೆ. ಅಲ್ಲಿಂದ ಎಳೆಯಬೇಕು ಅಂದರೆ ಟರ್ಬೊ ಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲೆ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಆ ಗಾಳಿಯನ್ನೇ ಒತ್ತಿ ಒಳಗೆ ಹಾಕುತ್ತದೆ, ಅಷ್ಟು ಗೊತ್ತಾಗುವುದಿಲ್ಲ.

ನಾನು ಗ್ಯಾರೇಜ್ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಕುರ್ಚಿ ಹಾಕಿಕೊಂಡು ಬುದ್ಧಿ ಹೇಳುತ್ತೇನೆ. ಈ ನಾಲ್ಕೂ ಕಾರುಗಳ ಹೊಟ್ಟೆ ಕೆಳಗೆ ಮಲಗಿದ್ದೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ.

ಲಾರಾ. ಓಡಿಸಿದರೆ ಅದನ್ನೇ ಬೇಕು ಅನ್ನುತ್ತೀರಿ, ಅದಕ್ಕೇ ಮೊದಲು ಎಚ್ಚರಿಕೆ. 160 ಪಿಎಸ್, 250 ನ್ಯೂಟನ್ ಮೀಟರ್, ಆರು ಗೇರ್. ಹುಣಸೂರು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲೇ ಲಾರಿ ದಾಟಿಬಿಡುತ್ತದೆ. ಬಾಗಿಲು ಮುಚ್ಚುವ ಸದ್ದೇ ಬೇರೆ. ಆದರೆ ಆ ಕಾಲದ 1.8 ಟಿಎಸ್ಐ ಎಂಜಿನ್‌ಗೆ ಆಯಿಲ್ ಕುಡಿಯುವ ಚಾಳಿ. ಪಿಸ್ಟನ್ ರಿಂಗ್ ಕಡೆಯಿಂದ ಆಯಿಲ್ ಮೇಲೆ ಹೋಗಿ ಉರಿಯುತ್ತದೆ. ಓನರ್‌ಗೆ ಒಂದೇ ಪ್ರಶ್ನೆ ಕೇಳಿ, ಒಂದು ಸರ್ವಿಸಿನಿಂದ ಇನ್ನೊಂದಕ್ಕೆ ಎಷ್ಟು ಲೀಟರ್ ಟಾಪ್ ಅಪ್ ಮಾಡುತ್ತೀರಿ ಅಂತ. ಟಾಪ್ ಅಪ್ ಮಾಡುವುದೇ ಇಲ್ಲ ಅಂದರೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೀವೇ ಎಳೆದು ನೋಡಿ. ಇನ್ನೊಂದು, ಎಂಜಿನ್ ಒಳಗಿನ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಪಕ್ಕದಿಂದ ಕಟಕಟ ಅಂತ ಕೇಳಿಸಿದರೆ ಕೈ ಮುಗಿದು ವಾಪಸ್ ಬನ್ನಿ.

ಲಾರಾಗೆ ಇನ್ನೊಂದು ತಲೆನೋವು ಇದೆ, ಯಾರೂ ಹೇಳುವುದಿಲ್ಲ. 2012ರ ಕಾರಿನ ಆರ್‌ಸಿ 2027ಕ್ಕೆ ಮುಗಿಯುತ್ತದೆ. ಹದಿನೈದು ವರ್ಷ ಆದ ಮೇಲೆ ಆರ್‌ಟಿಒದಲ್ಲಿ ತೋರಿಸಿ ರಿನ್ಯೂ ಮಾಡಿಸಬೇಕು, ಐದು ವರ್ಷಕ್ಕೆ ಸಿಗುತ್ತದೆ. 2022ರ ಏಪ್ರಿಲ್‌ನಿಂದ ಅದರ ಫೀಸೇ 5,000. ಗ್ರೀನ್ ಟ್ಯಾಕ್ಸ್ ಬೇರೆ. ಮೊತ್ತ ದೊಡ್ಡದಲ್ಲ, ಆದರೆ ಆಮೇಲೆ ಮಾರಲು ಹೋದರೆ ಯಾರೂ ಮೂಸುವುದಿಲ್ಲ.

ಲಿನಿಯಾ ಟಿ-ಜೆಟ್ ನನ್ನ ಮನಸ್ಸಿಗೆ ಹತ್ತಿರದ ಕಾರು. ಸ್ಟೀರಿಂಗ್‌ಗೆ ಹೈಡ್ರಾಲಿಕ್, ರಸ್ತೆ ಅಂಗೈಯಲ್ಲಿ ಗೊತ್ತಾಗುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಘಾಟಿ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ. 114 ಪಿಎಸ್, 207 ಟಾರ್ಕ್. ಎರಡು ಸಾವಿರ ಆರ್‌ಪಿಎಂ ಕೆಳಗೆ ಮಾತ್ರ ಕುಂಭಕರ್ಣ, ಎದ್ದ ಮೇಲೆ ತಡೆಯುವವರಿಲ್ಲ. ಇದರದ್ದು ಟೈಮಿಂಗ್ ಬೆಲ್ಟ್, ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ನಿಮಗೆ ಬೇಡ ಅನ್ನುವುದು ಒಂದೇ ಕಾರಣಕ್ಕೆ. ಫಿಯೆಟ್ ಇಲ್ಲಿ ಕಾರು ಮಾರುವುದು ನಿಲ್ಲಿಸಿ ವರ್ಷಗಳಾದವು. ಸಣ್ಣ ಸೆನ್ಸರ್ ಹೋದರೂ ಪಾರ್ಟ್ ಬರುವವರೆಗೆ ಕಾರು ನಮ್ಮ ಶೆಡ್ಡಿನಲ್ಲಿ ಧೂಳು ಹಿಡಿಯುತ್ತದೆ. ಸೋಮವಾರ ಎಂಟೂವರೆಗೆ ಕ್ಲಾಸಿನಲ್ಲಿ ಇರಬೇಕಾದವರಿಗೆ ಅದು ಆಗುವ ಮಾತಲ್ಲ. ಮನೆಯಲ್ಲಿ ಇನ್ನೊಂದು ಕಾರು ಇದ್ದವರು ಕಣ್ಣು ಮುಚ್ಚಿ ತಗೊಳ್ಳಲಿ.

ವರ್ನಾ ಡೀಸೆಲ್, 128 ಪಿಎಸ್, 260 ಟಾರ್ಕ್. ಎಂಜಿನ್ ಗಟ್ಟಿ, ಮೈಲೇಜ್ ಕೂಡ. ಆದರೆ ಆ ವರ್ಷದ ವರ್ನಾಗೆ ಹಿಂದಿನ ಸಸ್ಪೆನ್ಷನ್ ಮೆತ್ತಗೆ. ಸ್ಪೀಡಿನಲ್ಲಿ ರಸ್ತೆ ಸ್ವಲ್ಪ ಏರಿಳಿದರೂ ಹಿಂಭಾಗ ತೇಲಿದ ಹಾಗೆ ಆಗುತ್ತದೆ. ನಿಮಗೆ ಓಡಿಸುವುದೇ ಖುಷಿ ಅಂದಿರಿ, ಅದಕ್ಕೆ ಹೇಳಿದೆ.

ನನ್ನ ಓಟು ರಾಪಿಡ್‌ಗೆ. 110 ಪಿಎಸ್ ಅಂದಾಗ ಲಾರಾ ಮುಂದೆ ಸಪ್ಪೆ ಅನ್ನಿಸುತ್ತದೆ. ಆದರೆ 175 ಟಾರ್ಕ್ 1,750ರಿಂದಲೇ ಶುರು, ನಾಲ್ಕು ಸಾವಿರದವರೆಗೂ ಇರುತ್ತದೆ. ನೀವು ಇರುವುದೇ ಆ ಜಾಗದಲ್ಲಿ. ಎಕ್ಸ್‌ಪ್ರೆಸ್‌ವೇಯಲ್ಲಿ ಹೇಗೂ 100ರ ಮಿತಿ, ಕ್ಯಾಮೆರಾ ಕೂತಿದೆ, 130 ದಾಟಿದರೆ ಕೇಸೇ ಹಾಕುತ್ತಾರೆ. ಅಲ್ಲಿ 160 ಪಿಎಸ್ ಇಟ್ಟುಕೊಂಡು ಏನು ಮಾಡುತ್ತೀರಿ? ಆರನೇ ಗೇರಿನಲ್ಲಿ ನೂರಕ್ಕೆ ಎಂಜಿನ್ ಸದ್ದೇ ಇಲ್ಲದೆ ಹೋಗುತ್ತದೆ, ಅದು ಸಾಕು. ಹಿಂದೆ ಡ್ರಮ್ ಬ್ರೇಕ್, ಅದೊಂದು ಕೊರತೆ. ಘಾಟಿಯಲ್ಲಿ ಗೇರಿನಲ್ಲೇ ಇಳಿಸುವ ಅಭ್ಯಾಸ ಇದ್ದರೆ ತೊಂದರೆ ಇಲ್ಲ, ಜೀಪ್ ಕಲಿತವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಫೋಕ್ಸ್‌ವ್ಯಾಗನ್ ವೆಂಟೊ 1.2 ಟಿಎಸ್ಐ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಅದು ಡಿಎಸ್‌ಜಿ ಆಟೋಮ್ಯಾಟಿಕ್ ಮಾತ್ರ, ಏಳು ಗೇರಿನ ಒಣ ಕ್ಲಚ್. ಚೆನ್ನಾಗಿರುವವರೆಗೆ ಬೆಣ್ಣೆ. ಒಳಗಿನ ಮೆಕಟ್ರಾನಿಕ್, ಅಂದರೆ ಗೇರ್ ಬದಲಾಯಿಸುವ ಕಂಟ್ರೋಲ್ ಯೂನಿಟ್, ಹೋದರೆ ಬಿಲ್ ಲಕ್ಷದ ಹತ್ತಿರ ಓಡುತ್ತದೆ. ಬಿಡಿ.

ಕೆಎಹನ್ನೆರಡು (ವಿರಾಜಪೇಟೆ)

ಗ್ಯಾರೇಜ್ ಅಣ್ಣ ಕಾರಿನ ಬಗ್ಗೆ ಹೇಳಿದರು, ನಾನು ಕಾಗದದ ಬಗ್ಗೆ. ಅಕ್ಕ, ಇರಿಟ್ಟಿಯ ವರ್ನಾ ಅಗ್ಗ ಕಾಣುವುದು ಗಡಿಯ ಮಾಕುಟ್ಟ ದಾಟುವವರೆಗೆ ಮಾತ್ರ. ಕೇರಳದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಕೊಡಗಿನ ಕೆಎ-12 ನಂಬರ್ ಹಾಕಿಸಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಟ್ಯಾಕ್ಸ್ ಕಮ್ಮಿ ಆಗುತ್ತದೆ ನಿಜ, ಆದರೂ ಕರ್ನಾಟಕದ ರೇಟ್ ಗೊತ್ತಲ್ವಾ. ಉಳಿದದ್ದೆಲ್ಲ ಅಲ್ಲೇ ಹೋಗುತ್ತದೆ.

ಬೆಂಗಳೂರಿನ ರಾಪಿಡ್‌ಗೆ ಆ ಗೋಳಿಲ್ಲ, ಅದೇ ನಂಬರ್ ಉಳಿಯುತ್ತದೆ. ಓನರ್ ಹೆಸರು ಬದಲಾವಣೆಯ ಫಾರ್ಮ್ 29, 30 ಸಹಿ ಆಗಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಅನ್ನುವ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರಿನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರದ್ದು. ಬ್ರೋಕರ್ ಬರುತ್ತದೆ ಅಂದರೆ ನಂಬಬೇಡಿ. ಕಟ್ಟದ ಚಲನ್ ಇದೆಯಾ ಅಂತಲೂ ನೋಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿದ ಕಾರು, ಹಿಂದಿನವರ ಖುಷಿಗೆ ನೀವು ದಂಡ ಕಟ್ಟಬೇಕಾದೀತು.

ಕಾಫಿಹೂ

ಎಲ್ಲರಿಗೂ ಥ್ಯಾಂಕ್ಸ್. ಗ್ಯಾರೇಜ್ ಅಣ್ಣ, ಲಾರಾ ಬಗ್ಗೆ ಓದಿ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ರಾಪಿಡ್‌ನವರಿಗೆ ಫೋನ್ ಮಾಡಿದ್ದೆ. ಈಗಿನ ಓನರ್ ಎರಡನೆಯವರು. ಮೊದಲಿನವರು ಕುಶಾಲನಗರದವರಂತೆ! ನಮ್ಮ ಕಡೆಯದ್ದೇ ಅಂತ ಖುಷಿಯಾಯಿತು. ಟೈರ್ ಸವೆದಿದೆ ಅಂತ ಅವರೇ ಒಪ್ಪಿಕೊಂಡರು. ನೋಡಲು ಹೋದಾಗ ಏನೇನು ನೋಡಬೇಕು?

ಗೋಣಿಕೊಪ್ಪ ಗ್ಯಾರೇಜ್

ಕುಶಾಲನಗರದ್ದು ಅಂದರೆ ನನಗೆ ಖುಷಿಗಿಂತ ಮೊದಲು ನೀರು ನೆನಪಾಗುತ್ತದೆ. ಹೊಳೆ ಪಕ್ಕದ ಬಡಾವಣೆಗಳಲ್ಲಿ ಕಾವೇರಿ ನುಗ್ಗಿದ್ದು ಮರೆತಿಲ್ಲ ತಾನೆ? 2018, 2019ರ ಆಗಸ್ಟ್‌ನಲ್ಲಿ ಈ ಕಾರು ಹುಟ್ಟಿರಲೇ ಇಲ್ಲ, ಅಷ್ಟರಮಟ್ಟಿಗೆ ಬಚಾವು. ಆದರೆ ನಮ್ಮಲ್ಲಿ ಪ್ರತಿ ಮಳೆಗಾಲವೂ ಮಳೆಗಾಲವೇ. ನೋಡಿಬಿಡಿ.

ಮುಂದಿನ ಸೀಟ್ ಬೆಲ್ಟ್ ಹಿಡಿದು ಪೂರ್ತಿ ಕೊನೆಯವರೆಗೂ ಎಳೆಯಿರಿ, ನಿಧಾನಕ್ಕೆ. ಕಾರು ತೊಳೆಯುವವರು ಸೀಟು ತೊಳೆಯುತ್ತಾರೆ, ಮ್ಯಾಟ್ ಬದಲಾಯಿಸುತ್ತಾರೆ, ಸೆಂಟ್ ಹೊಡೆಯುತ್ತಾರೆ. ಬೆಲ್ಟಿನ ಒಳಗೆ ಸುತ್ತಿಕೊಂಡಿರುವ ಕೊನೆಯ ಅರ್ಧ ಅಡಿ ಯಾರೂ ತೊಳೆಯುವುದಿಲ್ಲ. ನೀರು ನಿಂತಿದ್ದರೆ ಅಲ್ಲಿ ಮಣ್ಣಿನ ಬಣ್ಣದ ಗೆರೆ ಅಡ್ಡಕ್ಕೆ ಕಾಣುತ್ತದೆ. ಆಮೇಲೆ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗಿನ ಗುಂಡಿಗೆ ಬೆರಳು ಹಾಕಿ ನೋಡಿ. ನುಣ್ಣಗೆ ಕೆಂಪು ಹುಡಿ ಹತ್ತಿದರೆ ಮಾತು ಅಲ್ಲಿಗೆ ಮುಗಿಯಿತು. ಡ್ರೈವರ್ ಸೀಟ್ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದೆಯಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿ.

ತೋಟದ ದಾರಿ ಕಂಡ ಕಾರು ಅಂದರೆ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ನೋಡಲೇಬೇಕು. ಕಲ್ಲಿಗೆ ಹೊಡೆದು ಒಳಗೆ ಹೋಗಿದ್ದರೆ ಅಥವಾ ಹೊಸ ಸೀಲಂಟ್ ಬಳಿದಿದ್ದರೆ ಕಾರಣ ಕೇಳಿ. ಬಾನೆಟ್ ಎತ್ತಿ ವೈರಿಂಗ್ ನೋಡಿ, ಇಲಿ ಕಚ್ಚಿ ಟೇಪ್ ಸುತ್ತಿದ ಗುರುತು ಇದ್ದೇ ಇರುತ್ತದೆ. ಒಂದೆರಡು ಕಡೆ ಆದರೆ ಪರವಾಗಿಲ್ಲ, ಜಾಸ್ತಿ ಇದ್ದರೆ ಬೇಡ.

ಟೆಸ್ಟ್ ಡ್ರೈವ್‌ಗೆ ಊರೊಳಗೆ ಎರಡು ಸುತ್ತು ಸಾಲದು. ಖಾಲಿ ರಸ್ತೆಯಲ್ಲಿ 80ಕ್ಕೆ ಹೋಗಿ ಬ್ರೇಕ್ ಒತ್ತಿ. ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಬಾಗಿದೆ, ಯಾರೋ ಘಾಟಿಯನ್ನು ಬರೀ ಬ್ರೇಕಿನಲ್ಲೇ ಇಳಿಸಿದ್ದಾರೆ ಅಂತ ಅರ್ಥ. ಐದನೇ ಗೇರಿನಲ್ಲಿ 50ಕ್ಕೆ ಇಟ್ಟು ಪೂರ್ತಿ ಕಾಲು ಕೊಡಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಕಾರು ಹಾಗೇ ಇದ್ದರೆ ಕ್ಲಚ್ ಜಾರುತ್ತಿದೆ.

ಈಗ ಬಂಕಿನಲ್ಲಿ ಸಿಗುವುದು ಇ20 ಪೆಟ್ರೋಲ್, ಅಂದರೆ ಶೇಕಡ 20 ಎಥೆನಾಲ್ ಬೆರೆಸಿದ್ದು. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಇಂಧನದ ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ ಅಂತಲೂ ಒಂದು ಕಣ್ಣು ಹಾಕಿ.

ರೇಟ್ ವಿಷಯ. ನಾಲ್ಕು ಟೈರ್, ಒಂದು ಸರ್ವಿಸ್, ಇನ್ಶೂರೆನ್ಸ್ ಅಂತ ಬರೆದು ತೋರಿಸಿ 5.60ರಿಂದ ಶುರು ಮಾಡಿ. ಮೂರನೇ ಓನರ್ ಆಗುತ್ತೀರಿ, ಅದನ್ನೂ ಹೇಳಿ. 5.80 ದಾಟಬೇಡಿ. ಅದಕ್ಕಿಂತ ಮೇಲೆ ಅಂದರೆ ಎದ್ದು ಬನ್ನಿ, ಮೂರು ದಿನ ಬಿಟ್ಟು ಅವರೇ ಫೋನ್ ಮಾಡುತ್ತಾರೆ.

ಹಳೇಹೋಂಡಾ (ಮಡಿಕೇರಿ)

ಆಗಲಿ, ಸಿಟಿ ಸೋತಿತು. ಮೇಡಂ, ಒಂದು ಮಾತು. ಕುಶಾಲನಗರ–ಮೈಸೂರು ನಾಲ್ಕು ಪಥದ ರಸ್ತೆಗೆ 2023ರ ಮಾರ್ಚ್‌ನಲ್ಲೇ ಶಂಕುಸ್ಥಾಪನೆ ಆಗಿದೆ, 92 ಕಿಲೋಮೀಟರ್. ಅದು ಪೂರ್ತಿ ಆದ ಮೇಲೆ ಟಿಂಬರ್ ಲಾರಿ ಕಾಟವೇ ಇರುವುದಿಲ್ಲ, ಆಗ ಟರ್ಬೊ ಯಾಕೆ?

ಕಾಫಿಹೂ

ಹಳೇಹೋಂಡಾ ಸರ್, ಅದು ಮುಗಿಯುವಷ್ಟರಲ್ಲಿ ನಾನು ರಿಟೈರ್ ಆಗಿರುತ್ತೇನೆ! ಆಮೇಲೂ ಸುಂಟಿಕೊಪ್ಪದಿಂದ ಆನೆಕಾಡು ದಾಟಿ ಕುಶಾಲನಗರಕ್ಕೆ ಇಳಿಯುವ ರಸ್ತೆ ಇದ್ದೇ ಇದೆ.

ಭಾನುವಾರ ಬೆಂಗಳೂರಿಗೆ ಹೋಗುತ್ತಿದ್ದೇನೆ, ಮನೆಯವರನ್ನೂ ಕರೆದುಕೊಂಡು. ಬೊಲೆರೊ ಮಾತು ಎತ್ತಬಾರದು ಅಂತ ಷರತ್ತು. ಗ್ಯಾರೇಜ್ ಅಣ್ಣ, ಅಲ್ಲಿ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ನೋಡುವವರನ್ನು ಹುಡುಕಲೇ, ಅಥವಾ ಒಪ್ಪಿಗೆ ಆದರೆ ಕಾರು ನಿಮ್ಮಲ್ಲಿಗೇ ತರಲೇ?

ಗೋಣಿಕೊಪ್ಪ ಗ್ಯಾರೇಜ್

ದುಡ್ಡು ಕೊಡುವ ಮೊದಲೇ ಅಲ್ಲೇ ಸ್ಕ್ಯಾನ್ ಆಗಬೇಕು. ಕೊಟ್ಟ ಮೇಲೆ ನನ್ನಲ್ಲಿಗೆ ತಂದರೆ ನಾನು ಬಿಲ್ ಬರೆಯಬಹುದು ಅಷ್ಟೇ. ನೀವು ಹೋಗುವುದಕ್ಕೆ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಓನರ್‌ಗೆ ಶನಿವಾರವೇ ಹೇಳಿಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೇ ಎಂಜಿನ್ನಿನ ರೋಗ ಕೇಳಿಸುವುದು. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಕಾಫಿ ಕುಡಿದು ಬರುತ್ತೇವೆ ಅಂತ ಹೇಳಿ ಒಂದೆರಡು ಗಂಟೆ ಬಿಟ್ಟು ಹೋಗಿ. ಸ್ಕ್ಯಾನ್ ರಿಪೋರ್ಟ್ ಫೋಟೊ ಇಲ್ಲಿ ಹಾಕಿ, ಮಗನಿಗೂ ತೋರಿಸುತ್ತೇನೆ.